ಎಡಸುತ್ತಿನ ಗುಡ್ಡ

ತುಗ್ಗಲಿಹಟ್ಟಿಯಿಂದ ಪಡುವಣಕ್ಕೆ ಹೊರಟರೆ, ಎರೆಹೊಲಗಳು ಮುಗಿದು ಕೆಂಪು ಗರಸುನೆಲ ಶುರುವಾಗುವ ಕಡೆ, ಬಂಡೆಯೂ ಕುರುಚಲೂ ಬೆರೆತ ಒಂದು ಗುಡ್ಡ ಎದುರಾಗುತ್ತದೆ. ಸರ್ಕಾರದ ನಕಾಶೆಯಲ್ಲಿ ಅದಕ್ಕೊಂದು ಅಂಕಿ ಇದೆಯೇ ಹೊರತು ಹೆಸರಿಲ್ಲ. ಸುತ್ತಲಿನ ಹಟ್ಟಿಗಳವರು ಅದನ್ನು ಎಡಸುತ್ತಿನ ಗುಡ್ಡ ಎನ್ನುತ್ತಾರೆ. ನೆತ್ತಿಯ ಮೇಲೆ ಚಪ್ಪಡಿಕಲ್ಲು ಹೊದಿಸಿದ ಪುಟ್ಟ ಗುಡಿ ಇದೆ. ಒಳಗೆ ಮೂರ್ತಿಯಿಲ್ಲ, ಅರಿಶಿನ ಬಳಿದ ಒಂದು ಉದ್ದನೆಯ ಕಲ್ಲು ನೆಟ್ಟಿದ್ದಾರೆ, ಅಷ್ಟೆ. ಹೊಸಬರು ವಾಡಿಕೆಯಂತೆ ಬಲಕ್ಕೆ ಸುತ್ತು ಹಾಕಲು ಹೊರಟರೆ ಪೂಜಾರಿ ಕೈ ಅಡ್ಡ ಹಿಡಿಯುತ್ತಾನೆ. ಇಲ್ಲಿ ಎಡಕ್ಕೇ ಸುತ್ತಬೇಕು. ಕಾರಣ ಕೇಳಿದರೆ, "ಅವ್ವ ಹಿಡಿದ ದಾರಿ" ಎಂದಷ್ಟೇ ಹೇಳಿ ಆರತಿತಟ್ಟೆ ಮುಂದೆ ಮಾಡುತ್ತಾನೆ. ಆ ಅವ್ವ ಯಾರು, ಅವಳು ಹಿಡಿದ ದಾರಿ ಯಾವುದು ಎಂಬುದನ್ನು ಹಟ್ಟಿಯ ಹಿರಿಯರಿಂದ ಬೇರೆಬೇರೆ ಸಲ ಕೇಳಿ ತಿಳಿದಿದ್ದೇನೆ. ಇದನ್ನು ಹೇಳುವಾಗ ಅವರು ಯಾರೂ ದನಿ ಏರಿಸಿದ್ದನ್ನು ನಾನು ಕಂಡಿಲ್ಲ.

ಕಥೆ ತಿಳಿಯಬೇಕಾದರೆ ಮೊದಲು ಗುಡ್ಡದ ಗೆಣಸನ್ನು ತಿಳಿಯಬೇಕು. ಅಲ್ಲಿ ಎರಡು ಬಗೆಯ ಗೆಣಸಿನ ಬಳ್ಳಿಗಳಿವೆ. ಎರಡೂ ಮೊದಲ ಮಳೆಗೆ ಚಿಗುರುತ್ತವೆ, ಎರಡೂ ಕಾರೆಮುಳ್ಳಿನ ಪೊದೆಯ ಮೇಲೇ ಹಬ್ಬುತ್ತವೆ, ಎರಡರ ಎಲೆಯೂ ವೀಳ್ಯದೆಲೆಯ ಹಾಗೆಯೇ. ಅಗೆದು ಕೊಯ್ದರೆ ಎರಡರ ಗಡ್ಡೆಯೂ ಬಿಳಿ, ಬೇಯಿಸಿದರೆ ಎರಡೂ ಹಿಟ್ಟುಹಿಟ್ಟು. ಆದರೆ ಒಂದನ್ನು ತಿಂದವರು ಬರಗಾಲ ದಾಟುತ್ತಾರೆ, ಇನ್ನೊಂದನ್ನು ತಿಂದವರು ಮರುದಿನದ ಬೆಳಗು ಕಾಣುವುದಿಲ್ಲ. ಪೊದೆಯ ಎದುರಿಗೆ ನಿಂತು ನೋಡಿದಾಗ ಬಳ್ಳಿ ಎಡದಿಂದ ಬಲಕ್ಕೆ ಸುತ್ತುತ್ತ ಮೇಲೇರಿದ್ದರೆ ಅದು ಬಲಸುತ್ತು, ತಿನ್ನುವಂಥದ್ದು. ಬಲದಿಂದ ಎಡಕ್ಕೆ ಏರಿದ್ದರೆ ಎಡಸುತ್ತು, ಮುಟ್ಟಬಾರದು. ಚಳಿಗಾಲ ಕಳೆಯುವ ಹೊತ್ತಿಗೆ ಎಲೆ ಉದುರಿ ಬಳ್ಳಿ ಒಣಗಿದರೂ ಕಡ್ಡಿಗೆ ಬಿಗಿದ ಸುತ್ತು ಹಾಗೆಯೇ ಉಳಿಯುತ್ತದೆ. ಗೆಣಸು ಅಗೆಯುವುದೂ ಆಗಲೇ. ಆದ್ದರಿಂದ ಅಗೆಯುವವನು ಹಾರೆ ಊರುವ ಮೊದಲು ನಿಂತು ನೋಡಬೇಕು.

ಹಿಂದೆ ಒಮ್ಮೆ, ಈ ಸೀಮೆಯನ್ನು ಪಾಳೆಯಗಾರರು ತುಂಡುತುಂಡಾಗಿ ಹಂಚಿಕೊಂಡು ಆಳುತ್ತಿದ್ದ ಕಾಲದಲ್ಲಿ, ತುಗ್ಗಲಿಹಟ್ಟಿಯ ಗೌಡಿಕೆ ಕಾಟವ್ವನೆಂಬ ಹೆಂಗಸಿನ ಕೈಯಲ್ಲಿತ್ತು. ಗಂಡ ತೀರಿಹೋದಾಗ, ಮಗ ಬೊಮ್ಮಣ್ಣ ದೊಡ್ಡವನಾಗುವವರೆಗೆ ಎಂದು ಹಿಡಿದ ಅಧಿಕಾರವನ್ನು ಅವನಿಗೆ ಮದುವೆಯಾದ ಮೇಲೂ ಅವಳು ಬಿಟ್ಟುಕೊಡಲಿಲ್ಲ. ಎತ್ತರದ ಆಳು, ಮಾತು ಕಡಿಮೆ. ಹಟ್ಟಿಯ ನ್ಯಾಯವೆಲ್ಲ ಅವಳ ಮನೆಯ ಜಗಲಿಯ ಮೇಲೆ ತೀರುತ್ತಿತ್ತು. ಬಳ್ಳಿಯ ಸುತ್ತು ನೋಡುವ ವಿದ್ಯೆಯನ್ನು ತನ್ನ ತಾಯಿಯಿಂದ ಕಲಿತು ಹಟ್ಟಿಗೆ ಕಲಿಸಿದವಳೂ ಅವಳೇ. ಗುಡ್ಡದಲ್ಲಿ ಯಾರು ಯಾವಾಗ ಅಗೆಯಬೇಕು ಎಂಬುದನ್ನು ಅವಳು ಹೇಳಬೇಕಾಗಿತ್ತು.

ಆ ಹಟ್ಟಿಯಲ್ಲಿ ಚಿತ್ತಯ್ಯನೆಂಬ ಬೇಟೆಗಾರ ಯುವಕನಿದ್ದ. ಆಗಷ್ಟೇ ಮದುವೆಯಾಗಿದ್ದ. ಒಂದು ವರ್ಷ ಗೌಡರ ಮನೆಗೆ ಗೆಣಸು ತರುವ ಸರದಿ ಅವನಿಗೆ ಬಂತು. ಬೇಟೆಯ ಬೆನ್ನು ಹತ್ತಿ ಹಗಲು ಕಳೆದವನು, ಮಬ್ಬು ಕವಿಯುವ ಹೊತ್ತಿಗೆ ಗುಡ್ಡ ಹತ್ತಿ, ಕಣ್ಣಿಗೆ ಸರಿಯಾಗಿ ಕಾಣದಿದ್ದರೂ ಅವಸರದಲ್ಲಿ ಅಗೆದು ಬುಟ್ಟಿ ತುಂಬಿದ. ಬಲಸುತ್ತಿನ ನಡುವೆ ಕೆಲವು ಎಡಸುತ್ತೂ ಬೆರೆತವು. ಅರ್ಧ ಗೌಡರ ಮನೆಗೆ ಹೋಯಿತು, ಅರ್ಧ ಅವನ ಗುಡಿಸಿಲಿಗೆ. ಮರುದಿನ ಬೆಳಗಾಗುವಷ್ಟರಲ್ಲಿ ಕಾಟವ್ವನ ಒಬ್ಬನೇ ಮಗ ಬೊಮ್ಮಣ್ಣ ಸತ್ತಿದ್ದ. ಚಿತ್ತಯ್ಯನ ಹೆಂಡತಿಯೂ ಸತ್ತಿದ್ದಳು. ಅವಳು ಹಟ್ಟಿಗೆ ಬಂದು ಇನ್ನೂ ತಿಂಗಳಾಗಿರಲಿಲ್ಲ. ಮಗನ ಹೆಣ ಅಂಗಳದಲ್ಲಿರುವಾಗಲೇ ಕಾಟವ್ವ ಜಗಲಿಯ ಮೇಲೆ ಕೂತು ನ್ಯಾಯ ಹೇಳಿದಳು. ಕುಡಗೋಲನ್ನು ಕೆಂಪಗೆ ಕಾಯಿಸಿ ತರಿಸಿದಳು. ನಾಲ್ಕು ಮಂದಿ ಚಿತ್ತಯ್ಯನನ್ನು ಹಿಡಿದುಕೊಂಡರು.

"ನನ್ನ ಹೆಂಡ್ತೀನೂ ಸತ್ತಾಳೆ, ಗೌಡ್ತವ್ವ!" ಎಂದು ಅವನು ಕೂಗಿದ.

"ಅವಳನ್ನ ನೀನು ಕೊಂದೆ, ನೀನು ಅಳು" ಎಂದಳು ಕಾಟವ್ವ. "ನನ್ನ ಮಗನ್ನೂ ನೀನೇ ಕೊಂದೆ. ಗುರುತು ತಿಳೀದ ಕೈ ಯಾಕಿರಬೇಕು?"

ಕಾದ ಕುಡಗೋಲನ್ನು ಅವನ ಬಲ ಅಂಗೈಯಲ್ಲಿಟ್ಟು ಬೆರಳು ಮಡಚಿ ಅದುಮಿದರು. ಹೆಂಡತಿಯನ್ನು ಮಣ್ಣು ಮಾಡಲೂ ಬಿಡದೆ ಗಡಿಕಲ್ಲಿನ ಆಚೆಗೆ ಅಟ್ಟಿದರು. ಬೊಮ್ಮಣ್ಣನ ಹೆಂಡತಿ ತಿಮ್ಮವ್ವ ಆಗ ತುಂಬಿದ ಬಸುರಿ, ಬಾಗಿಲ ಸಂದಿನಿಂದ ಇದನ್ನೆಲ್ಲ ನೋಡಿದಳಂತೆ. ಅವಳಿಗೆ ಹುಟ್ಟಿದ ಗಂಡುಮಗುವಿಗೆ ಸಣ್ಣಬೊಮ್ಮ ಎಂದು ಹೆಸರಿಟ್ಟರು. ಗೌಡರ ಮನೆಯಲ್ಲಿ ಉಳಿದ ಕುಡಿ ಅದೊಂದೇ.

ಸಣ್ಣಬೊಮ್ಮ ಕರು ಮೇಯಿಸಲು ಹೋಗುವಷ್ಟು ದೊಡ್ಡವನಾದಾಗ ಬರ ಬಂತು. ಒಂದು ವರ್ಷ ಮಳೆ ತಡವಾಯಿತು, ಮರುವರ್ಷ ಬರಲೇ ಇಲ್ಲ. ಗುಡ್ಡದ ಬಲಸುತ್ತನ್ನು ಬಹುಮಟ್ಟಿಗೆ ಅಗೆದು ತಿಂದಾಗಿತ್ತು, ಹಟ್ಟಿಯಲ್ಲಿ ಉಳಿದದ್ದು ನೆಲದಡಿಯ ಹಗೇವಿನಲ್ಲಿ ಮುಚ್ಚಿಟ್ಟ ಬಿತ್ತನೆ ಕಾಳು ಮಾತ್ರ. ಅಂಥ ಹೊತ್ತಿನಲ್ಲಿ ನೆರೆಯ ಪಾಳೆಯಪಟ್ಟಿನ ದಳವಾಯಿ ಜಡೇನಾಯಕ ಕಪ್ಪ ವಸೂಲಿಗೆಂದು ದಂಡು ಕಟ್ಟಿಕೊಂಡು ಹೊರಟ. ದಾರಿಯಲ್ಲಿ ಒಂದು ಹಟ್ಟಿಯವರು ಇದ್ದಬದ್ದದ್ದನ್ನೆಲ್ಲ ಕೂಡಿಸಿ ಅವನ ದಂಡಿಗೆ ಊಟ ಹಾಕಿದರು. ಉಂಡು ಕೈ ತೊಳೆದವನು ಅವರ ಹಗೇವು ತೆಗೆಸಿದ, ಕಾಳನ್ನು ಎತ್ತುಗಳ ಮೇಲೆ ಹೇರಿಸಿದ, ಎದುರು ಮಾತಾಡಿದವರನ್ನು ಖಾಲಿ ಹಗೇವಿಗೆ ಇಳಿಸಿ ಮೇಲೆ ಕಲ್ಲು ಮುಚ್ಚಿಸಿದ. ಈ ಸುದ್ದಿಯ ಹಿಂದೆಯೇ ಅವನ ಹೇಳಿಕೆಯೂ ಕಾಟವ್ವನಿಗೆ ಬಂತು. ದಂಡಿಗೆ ಒಂದು ಹೊತ್ತು ಹೊಟ್ಟೆ ತುಂಬ ಉಣ್ಣಿಸಬೇಕು. ಗೆಣಸಾದರೂ ಆದೀತು, ಆದರೆ ಪ್ರತಿ ಗಡ್ಡೆಯನ್ನೂ ಅದರ ಬಳ್ಳಿ ಸಮೇತ ತರಬೇಕು, ತನ್ನ ವೈದ್ಯ ನೋಡದೆ ಒಲೆಗೆ ಹಾಕುವಂತಿಲ್ಲ.

ಬಳ್ಳಿ ಕೇಳಿದನೆಂದರೆ ಸುತ್ತು ನೋಡಬಲ್ಲವನೊಬ್ಬ ದಂಡಿನಲ್ಲಿದ್ದಾನೆ ಎಂಬುದು ಕಾಟವ್ವನಿಗೆ ಕೂಡಲೇ ತಿಳಿಯಿತು. ಉಣ್ಣಿಸಿದರೂ ದಳವಾಯಿ ಬಿತ್ತನೆ ಕಾಳು ಬಿಡುವವನಲ್ಲ ಎಂಬುದೂ ತಿಳಿದಿತ್ತು. ಅವಳು ನಂಬಿಕೆಯ ಇಬ್ಬರು ಆಳುಗಳನ್ನು ಕರೆದುಕೊಂಡು ಗುಡ್ಡ ಹತ್ತಿ ಬರೀ ಎಡಸುತ್ತಿನ ಗಡ್ಡೆಗಳನ್ನೇ ಅಗೆಸಿದಳು. ಹಿತ್ತಲ ಬಾಗಿಲು ಹಾಕಿಕೊಂಡು, ಒಣಬಳ್ಳಿಗಳನ್ನು ದನದ ಕಲ್ಲುತೊಟ್ಟಿಯಲ್ಲಿ ನೆನೆಹಾಕಿ ಮೆತ್ತಗಾಗಿಸಿ, ಕಡ್ಡಿಯಿಂದ ಬಿಡಿಸಿ, ಅದೇ ಕಡ್ಡಿಗೆ ಬಲಕ್ಕೆ ತಿರುಗಿಸಿ ಸುತ್ತಿದಳು. ಬಿಸಿಲಿಗೆ ಒಡ್ಡಿದ ಮೇಲೆ ಅವು ಹುಟ್ಟಿದಾಗಿನಿಂದ ಹಾಗೆಯೇ ಬೆಳೆದಂತೆ ಬಿಗಿದು ಕೂತವು. ಸೊಸೆ ತಿಮ್ಮವ್ವನಿಗೂ ಅವಳು ಇದನ್ನು ಹೇಳಲಿಲ್ಲ. ಹಂಡೆ ಕೊಪ್ಪರಿಗೆ ತೊಳೆಯಲು ಹಚ್ಚಿ ಸುಮ್ಮನಾದಳು.

ದಂಡು ಬಂದದ್ದು ಹೊತ್ತು ಏರುವಾಗ. ಬಂದವರೇ ಹಟ್ಟಿಯ ಗಂಡಸರನ್ನೂ ಹೆಂಗಸರನ್ನೂ ಮಕ್ಕಳನ್ನೂ ದನದ ದೊಡ್ಡಿಗೆ ನೂಕಿ, ಬಾಗಿಲಲ್ಲಿ ಈಟಿ ಹಿಡಿದವರನ್ನು ನಿಲ್ಲಿಸಿದರು. ಗೌಡರ ಮನೆಯವರನ್ನು ಮಾತ್ರ ಹೊರಗೆ ಬಿಟ್ಟರು. ಅಂಗಳದಲ್ಲಿ ಗೆಣಸಿನ ರಾಶಿ, ಪಕ್ಕದಲ್ಲಿ ಬಳ್ಳಿ ಸುತ್ತಿದ ಕಡ್ಡಿಗಳು. ದಂಡಿನ ವೈದ್ಯ ಮುಂದೆ ಬಂದ. ಮುಖ ಮುಚ್ಚುವಷ್ಟು ಗಡ್ಡ, ಹೆಗಲ ಮೇಲೆ ಕಂಬಳಿ, ಬಲಗೈ ಕಂಬಳಿಯೊಳಗೆ. ಎಡಗೈಯಿಂದ ಒಂದು ಕಡ್ಡಿ ಎತ್ತಿ ನೋಡಿದ. ಸುತ್ತು ಬಲಕ್ಕಿತ್ತು. ಕೆಳಗಿಟ್ಟ. ಏನೋ ಸರಿಬರಲಿಲ್ಲವೆಂಬಂತೆ ಮತ್ತೆ ಎತ್ತಿಕೊಂಡು, ಕಣ್ಣು ಮುಚ್ಚಿ, ಹೆಬ್ಬೆರಳನ್ನು ಬಳ್ಳಿಯ ಬುಡದಿಂದ ತುದಿಯವರೆಗೆ ನಿಧಾನವಾಗಿ ಆಡಿಸಿದ.

ಎಲೆ ಉದುರಿದ ಜಾಗದಲ್ಲಿ ಬಳ್ಳಿಯ ಗೆಣ್ಣಿಗೆ ಒಂದು ಸಣ್ಣ ಗಂಟು ಉಳಿಯುತ್ತದೆ. ಬಲಸುತ್ತಿನಲ್ಲಿ ಎರಡೆರಡು ಎಲೆ ಎದುರುಬದುರಾಗಿ ಹುಟ್ಟುವುದರಿಂದ ಗಂಟುಗಳೂ ಜೋಡಿಜೋಡಿಯಾಗಿರುತ್ತವೆ. ಎಡಸುತ್ತಿನಲ್ಲಿ ಒಂದು ಎಲೆ ಈ ಕಡೆಗಾದರೆ ಮುಂದಿನದು ಮೇಲೆ ಆ ಕಡೆಗೆ, ಆದ್ದರಿಂದ ಗಂಟುಗಳು ಒಂಟಿ. ಇದು ಕಾಟವ್ವನಿಗಾಗಲಿ ಅವಳಿಗೆ ಕಲಿಸಿದ ತಾಯಿಗಾಗಲಿ ತಿಳಿದಿರಲಿಲ್ಲ. ಇದನ್ನು ಕಂಡುಕೊಂಡವನು, ಬೇರೆ ಬೇರೆ ಸೀಮೆಯ ಗುಡ್ಡಗಳಲ್ಲಿ ವರ್ಷಗಟ್ಟಲೆ ಬಳ್ಳಿಗಳ ಎದುರು ಕೂತು, ಆ ಸಂಜೆಯ ಮಬ್ಬಿನಲ್ಲಿ ಕಣ್ಣು ತಪ್ಪಿದ್ದನ್ನು ಬೆರಳಾದರೂ ಹೇಳುತ್ತಿತ್ತೇ ಎಂದು ಹುಡುಕಿದವನು. ಸುತ್ತು ಬಲವೆನ್ನುತ್ತಿತ್ತು. ಹೆಬ್ಬೆರಳಿಗೆ ಸಿಕ್ಕ ಗಂಟುಗಳೆಲ್ಲ ಒಂಟಿಯಾಗಿದ್ದವು.

ಅವನು ಕಣ್ಣು ತೆರೆದು ಕಾಟವ್ವನನ್ನು ನೋಡಿದ. ಕಂಬಳಿ ಜಾರಿ ಬಲಗೈ ಕಂಡಿತು. ಬೆರಳುಗಳು ಒಣಗಿದ ಎಲೆಯ ಹಾಗೆ ಅಂಗೈಯೊಳಗೆ ಮುರುಟಿಕೊಂಡಿದ್ದವು. ಕಾಟವ್ವನಿಗೆ ಆಗ ಗುರುತು ಸಿಕ್ಕಿತು. ಎಲ್ಲ ಮುಗಿಯಿತೆಂದು ಅವಳು ಕಂಬ ಹಿಡಿದು ನಿಂತಳು.

"ಏನ್ರೀ ವೈದ್ಯರೆ, ಹೆಂಗೈತೆ?" ಎಂದ ದಳವಾಯಿ.

"ಒಳ್ಳೇ ಗೆಣಸು" ಎಂದ ಚಿತ್ತಯ್ಯ. "ಬೇಯಿಸ್ಲಿ."

ಕೊಪ್ಪರಿಗೆಗಳು ಒಲೆ ಏರಿದವು. ರುಚಿ ಹತ್ತಿ ಎಲ್ಲರೂ ಹೆಚ್ಚು ಉಣ್ಣಲೆಂದು ಕಾಟವ್ವ ಹುಣಸೆಹುಳಿಯನ್ನು ಧಾರಾಳವಾಗಿ ಹಿಂಡಿಸಿದಳು. ಚಿತ್ತಯ್ಯ ತಮ್ಮನ್ನು ಉಳಿಸಿದನೆಂದು ಅವಳಿಗೆ ಅನ್ನಿಸಿರಬೇಕು. ಗೆಣಸು ಬೆಂದು ಎಲೆ ಹಾಸುವಾಗ ಅವನು ದಳವಾಯಿಯ ಬಳಿ ಬಂದು ಎಲ್ಲರಿಗೂ ಕೇಳುವಂತೆ ಹೇಳಿದ: "ಈ ಹಟ್ಟೀಲಿ ಒಂದು ಕಟ್ಟಳೆ ಐತೆ, ನಾಯಕ. ಹೊರಗಿನೋರಿಗೆ ಬಡಿಸೋ ಮುಂಚೆ ಗೌಡರ ಮನೆ ಕುಡಿ ಉಣ್ಣಬೇಕು."

ಅಂಥ ಕಟ್ಟಳೆ ಯಾವ ಕಾಲಕ್ಕೂ ಇರಲಿಲ್ಲ. ದಳವಾಯಿ ನಕ್ಕ. "ಭೇಷ್, ಚಲೋ ಕಟ್ಟಳೆ."

"ನಾನು ಉಣ್ತೀನಿ" ಎಂದಳು ಕಾಟವ್ವ.

"ವಯಸ್ಸಾದೋರು ಸಾಯೋಕೆ ಹೆದರಲ್ಲ" ಎಂದ ಚಿತ್ತಯ್ಯ. "ಅಗೋ, ಮೊಮ್ಮಗ ಇದಾನಲ್ಲ."

"ಉಂಡ ಮೇಲೆ ಎಷ್ಟು ಹೊತ್ತು ಕಾಯಬೇಕು?" ಎಂದು ದಳವಾಯಿ ಕೇಳಿದ.

"ಎಲೆಅಡಿಕೆ ಜಗಿದು ಉಗುಳೋಷ್ಟು ಸಾಕು. ವಿಷ ಆದ್ರೆ ಅಷ್ಟರಾಗೆ ನಾಲಿಗೆ ಊದತೈತೆ."

ಅದು ಸುಳ್ಳೆಂದು ಅಲ್ಲಿ ತಿಳಿದಿದ್ದವರು ಇಬ್ಬರೇ. ಎಡಸುತ್ತು ಹೊಟ್ಟೆ ಸೇರಿ ಹೊತ್ತು ಇಳಿಯುವವರೆಗೆ ಏನೂ ತೋರುವುದಿಲ್ಲ. ಚಿತ್ತಯ್ಯ ತನ್ನ ಕೈಗೆ ಕೊಡುತ್ತಿರುವುದೇನು, ಅದಕ್ಕೆ ಕೇಳುತ್ತಿರುವುದೇನು ಎಂಬುದು ಕಾಟವ್ವನಿಗೆ ಆಗ ಪೂರ್ತಿ ತಿಳಿಯಿತು. ಬಾಯಿ ತೆರೆದು ಒಂದು ಮಾತು ಹೇಳಿದ್ದರೆ ಮೊಮ್ಮಗ ಉಳಿಯುತ್ತಿದ್ದ, ಆ ಗಳಿಗೆಯ ಮಟ್ಟಿಗಾದರೂ. ದೊಡ್ಡಿಯೊಳಗೆ ಯಾರದೋ ಕೂಸು ಅಳುತ್ತಿತ್ತು. ಬಾಗಿಲಲ್ಲಿ ನಿಂತವರು ಈಟಿಯ ತುದಿಯನ್ನು ಕಲ್ಲಿಗೆ ಮಸೆಯುತ್ತಿದ್ದರು. ತಿಂಗಳುಗಟ್ಟಲೆ ಅಂಬಲಿಯ ತಿಳಿನೀರು ಕುಡಿದು ಬೆಳೆದ ಸಣ್ಣಬೊಮ್ಮ, ಯಾರೂ ಕರೆಯುವ ಮೊದಲೇ ಎಲೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಿದ್ದ. ಅವನ ತಾಯಿ ತಿಮ್ಮವ್ವ ಪಕ್ಕದಲ್ಲಿ ಕೂತು, ಮಗನಿಗೆ ಇಂದಾದರೂ ಹೊಟ್ಟೆ ತುಂಬುವುದೆಂದು ಸಂತೋಷದಿಂದ ಅವನ ತಲೆ ಸವರುತ್ತಿದ್ದಳು.

"ಗೌಡ್ತೀನೇ ಬಡಿಸ್ಲಿ" ಎಂದ ದಳವಾಯಿ.

ಕಾಟವ್ವ ಬಡಿಸಿದಳು. ಹುಡುಗ ಬಿಸಿ ಆರಲೂ ಬಿಡದೆ ತಿಂದ. "ಅಜ್ಜಿ, ಇನ್ನೊಂದೀಟು ಹಾಕು" ಎಂದ. ಅವಳು ಇನ್ನೊಂದಿಷ್ಟು ಹಾಕಿದಳು. ಹಟ್ಟಿಯ ಹಿರಿಯರು ಎಲ್ಲವನ್ನೂ ಕ್ಷಮಿಸಿಯಾರು, ಇದೊಂದನ್ನು ಹೇಳುವಾಗ ಮಾತ್ರ ನೆಲ ನೋಡುತ್ತಾರೆ.

ದಳವಾಯಿ ಎಲೆಅಡಿಕೆ ಉಗುಳಿ, ಹುಡುಗನನ್ನು ನಾಲಿಗೆ ಚಾಚಲು ಹೇಳಿ ನೋಡಿ, ದಂಡಿಗೆ ಕೈಸನ್ನೆ ಮಾಡಿದ. ಹಸಿದವರು ಗಬಗಬನೆ ಉಂಡರು. ಬಿಸಿಲು ಓರೆಯಾಗುವ ಹೊತ್ತಿಗೆ ಒಬ್ಬ ಬಾಯಿ ಉರಿ ಎಂದ, ಇನ್ನೊಬ್ಬ ತಲೆ ತಿರುಗಿ ಬಿದ್ದ. ಜಡೇನಾಯಕ ಕತ್ತಿಗೆ ಕೈ ಹಾಕಿದ. ಬೆರಳು ಹಿಡಿಕೆಯ ಮೇಲೆ ಬಿಗಿಯಲಿಲ್ಲ. ದೊಡ್ಡಿ ಕಾಯುತ್ತಿದ್ದವರು ಕುಸಿದಾಗ ಒಳಗಿದ್ದವರು ಹೊರಬಂದರು. ಇನ್ನೂ ಉಸಿರಿದ್ದವರನ್ನು ಗೆಣಸು ಅಗೆಯುವ ಹಾರೆಗಳಿಂದಲೇ ತೀರಿಸಿದರು. ನೀರು ಕೇಳಿದವನಿಗೂ ಕರುಣೆ ಸಿಗಲಿಲ್ಲ.

ಸಣ್ಣಬೊಮ್ಮ ತಾಯಿಯ ತೊಡೆಯ ಮೇಲೆ ಒದ್ದಾಡುತ್ತಿದ್ದ. "ಬಾಯಿ ಉರೀತೈತೆ ಕಣವ್ವಾ" ಎನ್ನುತ್ತಿದ್ದವನಿಗೆ ಆಮೇಲೆ ಮಾತೂ ನಿಂತಿತು. ಮಜ್ಜಿಗೆ ತನ್ನಿ, ಯಾರಾದರೂ ಏನಾದರೂ ಮಾಡಿ ಎಂದು ತಿಮ್ಮವ್ವ ಕೂಗುತ್ತಿರುವಾಗ, ಅತ್ತೆ ಕಂಬದ ಬಳಿ ಅಲುಗದೆ ನಿಂತಿರುವುದು ಅವಳ ಕಣ್ಣಿಗೆ ಬಿತ್ತು.

"ಅತ್ತೆ, ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು" ಎಂದಳು ಕಾಟವ್ವ. ಅಷ್ಟರಲ್ಲಿ ಹುಡುಗ ಸತ್ತಿದ್ದ.

ಚಿತ್ತಯ್ಯ ಒಂದು ತುತ್ತೂ ಉಂಡಿರಲಿಲ್ಲ. ಹಟ್ಟಿಯ ಬಾವಿಕಟ್ಟೆಯ ಮೇಲೆ ಕೂತಿದ್ದ. ಓಡಿಹೋಗಲು ಬೇಕಾದಷ್ಟು ಸಮಯವಿತ್ತು, ಹೋಗಿರಲಿಲ್ಲ. ಕಾಟವ್ವ ಅವನ ಎದುರು ಬಂದು ನಿಂತು, "ತಿಳಿದ ಮೇಲೆ ಸುಮ್ಮನಿರಬೋದಿತ್ತಲ್ಲೋ" ಎಂದಳು.

"ಹಟ್ಟಿ ಉಳೀಬೇಕಿತ್ತು ಗೌಡ್ತವ್ವ, ಇದು ನಮ್ಮಪ್ಪನ ಹಟ್ಟಿ" ಎಂದ ಅವನು. "ನಿಮ್ಮ ಮನೆ ಉಳೀಬೇಕಾಗಿರಲಿಲ್ಲ."

ಹಿಂದಿನಿಂದ ತಿಮ್ಮವ್ವ ಬಂದಳು. ಮಗನ ವಾಂತಿ ಸೆರಗಿನ ಮೇಲೆ ಹಾಗೆಯೇ ಇತ್ತು. ಅತ್ತೆಯ ಕಡೆ ನೋಡಲಿಲ್ಲ. ಕೈಯಲ್ಲಿದ್ದ ಕಡ್ಡಿಯನ್ನು ಚಿತ್ತಯ್ಯನ ಮುಂದೆ ಹಿಡಿದಳು. "ಸುತ್ತು ಬಲಕ್ಕೈತೆ. ಆದ್ರೂ ನಿನಗೆ ಗೊತ್ತಾತು. ಹೆಂಗಣ್ಣಾ? ನಂಗೆ ತೋರ್ಸು."

ಅವನು ಅವಳ ಹೆಬ್ಬೆರಳು ಹಿಡಿದು ಬಳ್ಳಿಯ ಮೇಲೆ ಆಡಿಸಿ ಒಂಟಿ ಗಂಟು ತೋರಿಸಿದ. ಬೇಲಿಯ ಮೇಲಿದ್ದ ಒಣ ಬಲಸುತ್ತನ್ನು ಎಳೆದು ಜೋಡಿ ಗಂಟು ತೋರಿಸಿದ. ಅವಳು ಕಣ್ಣು ಮುಚ್ಚಿ, ಎರಡನ್ನೂ ಅದಲುಬದಲು ಮಾಡಿ ಕೊಡಲು ಹೇಳಿ, ಒಂದು ಸಲವೂ ತಪ್ಪದೆ ಹೇಳಿದಳು. ಕಲಿತದ್ದು ಗಟ್ಟಿಯಾಯಿತೆಂದು ತಿಳಿದ ಮೇಲೆ, "ಹಂಡೇಲಿ ಇನ್ನೂ ಉಳಿದೈತೆ, ಉಣ್ಣು ಬಾ" ಎಂದಳು.

ಸುತ್ತಲೂ ಹಾರೆ ಹಿಡಿದ ಜನ ನಿಂತಿದ್ದರಿಂದ ಅವನಿಗೆ ಬೇರೆ ದಾರಿ ಇರಲಿಲ್ಲ ಎಂದು ಕೆಲವರು ಹೇಳುತ್ತಾರೆ. ಯಾರೂ ತಡೆಯುತ್ತಿರಲಿಲ್ಲ, ಅವನೇ ಎದ್ದು ಹೋಗಲಿಲ್ಲ ಎಂದು ಇನ್ನು ಕೆಲವರು. ಅವನು ಎಡಗೈಯನ್ನು ಬಾವಿನೀರಿನಲ್ಲಿ ತೊಳೆದುಕೊಂಡು, "ಬಡಿಸವ್ವ" ಎಂದ ಎಂಬುದರಲ್ಲಿ ಮಾತ್ರ ಎರಡು ಮಾತಿಲ್ಲ. ತಿಮ್ಮವ್ವ ಎಲೆ ಖಾಲಿಯಾಗುವವರೆಗೂ ಎದುರಿಗೆ ಕೂತಿದ್ದಳು.

ಅಂದಿನಿಂದ ಗೌಡಿಕೆ ತಿಮ್ಮವ್ವನದಾಯಿತು. ಬಿತ್ತನೆ ಕಾಳು ಉಳಿದಿತ್ತು, ಮಳೆಯೂ ಬಂತು, ಹಟ್ಟಿಯ ಹೊಲ ಹಸಿರಾಯಿತು. ಅವಳು ಅತ್ತೆಯನ್ನು ಹೊಡೆಯಲಿಲ್ಲ, ಬೈಯಲಿಲ್ಲ. ಗುಡ್ಡದ ನೆತ್ತಿಯಲ್ಲಿ ಕಲ್ಲಿನ ಗೂಡೊಂದನ್ನು ಕಟ್ಟಿಸಿ ಅಲ್ಲಿಗೆ ಕಳಿಸಿದಳು. ದಿನವೂ ಒಂದು ಬುಟ್ಟಿ ಮೇಲೆ ಹೋಗುತ್ತಿತ್ತು. ಬುಟ್ಟಿಯಲ್ಲಿ ಬೇಯಿಸಿದ ಎರಡು ಗೆಣಸು, ಒಂದೊಂದರ ಪಕ್ಕದಲ್ಲೂ ಅದರದರ ಬಳ್ಳಿಯ ತುಂಡು. ಒಂದು ತಿನ್ನುವಂಥದ್ದು, ಒಂದು ಅಲ್ಲ. ಬಳ್ಳಿಯನ್ನು ನೆನೆಹಾಕಿ, ಸುತ್ತು ಉಳಿಯದಂತೆ ನೇರ ಮಾಡಿ ಒಣಗಿಸಿರುತ್ತಿದ್ದಳು. ಗಂಟಿನ ಗುರುತನ್ನು ಅತ್ತೆಗೆ ಯಾರೂ ಹೇಳಕೂಡದೆಂದು ಹಟ್ಟಿಗೆಲ್ಲ ಕಟ್ಟಪ್ಪಣೆಯಾಗಿತ್ತು.

ಮೊದಮೊದಲು ಬುಟ್ಟಿ ಹೋದ ಹಾಗೆಯೇ ವಾಪಸು ಬರುತ್ತಿತ್ತು. ಕಾಟವ್ವ ಕಾರೆಹಣ್ಣು ತಿಂದು, ಚಿಗುರು ಅಗಿದು ಜೀವ ಹಿಡಿದಳು. ಕಣ್ಣಿಗೆ ಪೊರೆ ಬಂದಿತ್ತು. ಗೂಡಿನ ಮುಂದೆ ಕೂತು ಆ ತುಂಡುಗಳನ್ನು ಎರಡೂ ಕೈಯಲ್ಲಿ ಹಿಡಿದು, ಮೂಸಿ, ತುಟಿಗೆ ಒತ್ತಿ, ಬೆರಳಿಂದ ತಡವಿ, ಪಕ್ಕದ ಪೊದೆಗೆ ಸುತ್ತಿದ್ದ ಬಳ್ಳಿಗಳೊಂದಿಗೆ ಹೋಲಿಸುತ್ತಿದ್ದಳಂತೆ. ಒಂದು ದಿನ ಬುಟ್ಟಿಯಲ್ಲಿ ಎಡಸುತ್ತು ಮಾತ್ರ ವಾಪಸು ಬಂತು. ಮರುದಿನವೂ ಅದೇ. ಯಾರೂ ಕಲಿಸದೆ ಮುದುಕಿ ಗುರುತು ಕಂಡುಕೊಂಡಿದ್ದಳು. ತಿಮ್ಮವ್ವ ಅದನ್ನು ಕೇಳಿದ ಮೇಲೂ ಬುಟ್ಟಿ ಕಳಿಸುವುದನ್ನು ನಿಲ್ಲಿಸಲಿಲ್ಲ. ಹೀಗೆ ಅನೇಕ ವರ್ಷ ನಡೆಯಿತು. ಕುರುಡಿ ಒಂದು ದಿನವೂ ತಪ್ಪಲಿಲ್ಲ.

ಕೊನೆಗೊಂದು ಬೆಳಿಗ್ಗೆ, ಬುಟ್ಟಿ ಹೊತ್ತು ಹೋದವರಿಗೆ ಅವಳು ಗೂಡಿನ ಮುಂದೆ ಬಿದ್ದಿರುವುದು ಕಂಡಿತು. ಹಿಂದಿನ ದಿನದ ಬುಟ್ಟಿಯಲ್ಲಿ ಒಳ್ಳೆಯ ಗೆಣಸು ಮುಟ್ಟದೆ ಉಳಿದಿತ್ತು. ಇನ್ನೊಂದು ಇರಲಿಲ್ಲ. ಅದರ ಬಳ್ಳಿಯನ್ನು ಅವಳು ನೆನೆಸಿ ಮೆತ್ತಗೆ ಮಾಡಿ ತನ್ನ ಮಣಿಕಟ್ಟಿಗೆ ಸುತ್ತಿಕೊಂಡಿದ್ದಳು, ಅದು ಹುಟ್ಟಿನಲ್ಲಿ ಸುತ್ತುವಂತೆ, ಎಡಕ್ಕೆ. ಸುದ್ದಿ ತಂದವರು ಮುದುಕಿ ಗುರುತು ತಪ್ಪಿದಳೇನೋ ಎಂದಾಗ ತಿಮ್ಮವ್ವ, "ತಪ್ಪಿಲ್ಲ" ಎಂದಷ್ಟೇ ಹೇಳಿ ಒಳಗೆ ಹೋದಳಂತೆ. ಸತ್ತ ಜಾಗದಲ್ಲೇ ಮಣ್ಣು ಮಾಡಿ ಕಲ್ಲು ನೆಟ್ಟರು. ಆ ಕಲ್ಲಿಗೆ ಹಟ್ಟಿಯವರು ಎಡಕ್ಕೆ ಸುತ್ತು ಹಾಕತೊಡಗಿದರು, ಗುಡ್ಡಕ್ಕೆ ಅದೇ ಹೆಸರಾಯಿತು. ಆ ಸುತ್ತು ಗೌರವಕ್ಕೋ ಶಿಕ್ಷೆಗೋ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಈಗಲೂ ಗೆಣಸು ಅಗೆಯುವ ಕಾಲದಲ್ಲಿ ಒಂದು ದಿನ ಹಟ್ಟಿಯವರೆಲ್ಲ ಗುಡ್ಡ ಹತ್ತಿ ಗುಡಿಯ ಮುಂದೆ ಒಲೆ ಹೂಡುತ್ತಾರೆ. ಹೊರಗಿನವರೂ ಹೋಗಿ ನೋಡಬಹುದು. ಎಲೆ ಹಾಕಿದ ಮೇಲೆ, ಹಟ್ಟಿಯಲ್ಲಿ ಮಾತು ಬರುವ ವಯಸ್ಸಿನ ಪ್ರತಿಯೊಬ್ಬರೂ ಕಣ್ಣು ಮುಚ್ಚಿ, ಕೈಗೆ ಕೊಟ್ಟ ಒಣಬಳ್ಳಿಯನ್ನು ಹೆಬ್ಬೆರಳಿನಿಂದ ತಡವಿ ಯಾವುದೆಂದು ಹೇಳಬೇಕು. ಸರಿಯಾಗಿ ಹೇಳಿದವರಿಗೆ ಬಡಿಸುತ್ತಾರೆ. ತಪ್ಪಿದವರಿಗೆ ಆ ದಿನ ಊಟವಿಲ್ಲ. ನಾನು ಹೋದ ವರ್ಷ, ಹಸಿರು ಲಂಗ ತೊಟ್ಟ ಒಂದು ಹೆಣ್ಣುಮಗು ತಪ್ಪಿ ಹೇಳಿತು. ಆ ಸಾಲಿಗೆ ಬಡಿಸುತ್ತಿದ್ದವಳು ಅದರ ತಾಯಿಯೇ. ಅವಳು ಮಗುವಿನ ಎಲೆ ದಾಟಿ ಮುಂದಿನ ಎಲೆಗೆ ಬಡಿಸಿದಳು, ಆಮೇಲೆ ತಾನೂ ಎದುರು ಸಾಲಿನಲ್ಲಿ ಕೂತು ಉಂಡಳು. ಒಂದು ತುಣುಕು ಕೊಟ್ಟರೇನು ಎಂದು ನಾನು ಪಕ್ಕದವರಿಗೆ ಮೆಲ್ಲಗೆ ಕೇಳಿದೆ. ಅವರು ಕೇಳಿಸಿಕೊಳ್ಳದವರಂತೆ ತಲೆ ತಗ್ಗಿಸಿ ಉಣ್ಣುತ್ತಲೇ ಇದ್ದರು. ಎಲ್ಲರೂ ಕೈ ತೊಳೆದು ಏಳುವವರೆಗೂ ಆ ಮಗು ಖಾಲಿ ಎಲೆಯ ಮುಂದೆ ಕೂತು, ಕಣ್ಣು ಬಿಗಿಯಾಗಿ ಮುಚ್ಚಿ, ಅಳುತ್ತಲೇ ಬಳ್ಳಿಯ ಮೇಲೆ ಬೆರಳಾಡಿಸುತ್ತಿತ್ತು.